ಸೈಕಲ್ ಶುರು ಮಾಡಿದ್ದೇನೆ. ಹೊಸದು ಕೊಳ್ಳಲೋ, ಹಳೇದನ್ನೇ ತುಳಿಯಲೋ? (ದಾವಣಗೆರೆ)

ಶಾಮನೂರು ಸವಾರ:

ಎಲ್ಲರಿಗೂ ನಮಸ್ಕಾರ. ವಯಸ್ಸು ನಲವತ್ತೆರಡು, ದಿನವಿಡೀ ಕೂತು ಮಾಡುವ ಕೆಲಸ. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಳತೆ) 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಶುಗರ್ ಇನ್ನೂ ಬಂದಿಲ್ಲ, ಬರುವ ದಾರಿಯಲ್ಲಿದೆ ಅಂತ ಲೆಕ್ಕವಂತೆ. ಮಾತ್ರೆ ಈಗಲೇ ಬೇಡ, ಮೊದಲು ಮೈ ಬೆವರಿಸಿ ಅಂದರು ಡಾಕ್ಟರು.

ಜಿಮ್ ನನಗೆ ಆಗಿಬರಲ್ಲ. ಅಣ್ಣನ ಮಗನಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು. ಅವನೀಗ ಕಾಲೇಜಿಗೆ ಬೈಕಲ್ಲಿ ಹೋಗುತ್ತಾನೆ. ಅದಕ್ಕೇ ಗಾಳಿ ಹೊಡೆಸಿ ಬೆಳಿಗ್ಗೆ ಕುಂದುವಾಡ ಕೆರೆ ಕಡೆ ಹೋಗಿ ಬರುತ್ತಿದ್ದೇನೆ. ಆಫೀಸಿಗೂ ಅದರಲ್ಲೇ ಹೋಗುವ ಆಸೆ. ಪಿ.ಬಿ. ರಸ್ತೆಗೆ ಹೋಗಿ ಬರಲು ಸುಮಾರು 10 ಕಿ.ಮೀ. ಆಗುತ್ತದೆ.

ತೊಂದರೆ ಏನೆಂದರೆ, ಮೊಣಕಾಲಿನ ಮುಂಭಾಗ ನೋಯುತ್ತದೆ. ಕೂರುವ ಜಾಗದ ಕಥೆ ಕೇಳಲೇಬೇಡಿ. ಸ್ವಲ್ಪ ಜೋರಾಗಿ ತುಳಿದರೆ ಏದುಸಿರು. ಗೆಳೆಯರೆಲ್ಲ "ಆ ಡಬ್ಬಾ ಬಿಡು, ಗೇರ್ ಸೈಕಲ್ ತಗೋ" ಅಂತಾರೆ. ನೋಡಿ ಬಂದೆ, 18 ಸಾವಿರ. ಮನೆಯವಳು "ಮೊದಲು ಇದನ್ನ ಓಡಿಸಿ ತೋರಿಸಿ, ಆಮೇಲೆ ಮಾತಾಡಣ" ಅಂತಾಳೆ. ತಿಳಿದವರು ಹೇಳಿ.

ಕೆರೆ ಏರಿ:

ಮನೆಯವರ ಮಾತು ಕೇಳಿ. ಚರ್ಚೆ ಮುಗೀತು. 😄

ಪಾನಾ ಪಂಪು:

ಸಾರ್, ಹಳೇಪೇಟೆಯ ಸೈಕಲ್ ಅಂಗಡಿಯಲ್ಲೇ ಬೆಳೆದವನು ನಾನು. ಕೊಳ್ಳೋ ಮಾತು ಆಮೇಲೆ. ಮೊಣಕಾಲ ಮುಂದೆ ನೋವು ಅಂದರೆ ಸಾಮಾನ್ಯವಾಗಿ ಸೀಟು ಕೆಳಗಿದೆ ಅಂತ. ಅದು ಹದಿಮೂರು ವರ್ಷದ ಹುಡುಗನಿಗೆ ಕೂರಿಸಿದ ಸೀಟು, ಹಾಗೇ ಇರಬೇಕು ನೋಡಿ.

ಗೋಡೆ ಹಿಡಿದು ಸೈಕಲ್ ಮೇಲೆ ಕೂತುಕೊಳ್ಳಿ. ದಿನಾ ಹಾಕುವ ಶೂನಲ್ಲೇ ಇರಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಒಂದು ಕಡೆ ವಾಲಬಾರದು. ಅಷ್ಟಕ್ಕೆ ಸೀಟು ನಿಲ್ಲಿಸಿ. ಓಡಿಸುವಾಗ ತುಳಿಯೋದು ಪಾದದ ಮುಂಭಾಗದಿಂದ, ಆಗ ಮಂಡಿ ತಾನಾಗಿ ಚೂರು ಬಗ್ಗಿರುತ್ತದೆ. ಸೀಟು ಜಾಸ್ತಿ ಎತ್ತಿದರೆ ನೋವು ಮಂಡಿಯ ಹಿಂದೆ ಬರುತ್ತದೆ, ಆಗ ಸ್ವಲ್ಪ ಇಳಿಸಿ.

ಒಂದು ಮುಖ್ಯ ವಿಷಯ. ಸೀಟ್ ಪೈಪಿನ ಮೇಲೆ ಸಾಲಾಗಿ ಸಣ್ಣ ಗೀರು ಇರುತ್ತವೆ. ಅವು ಹೊರಗೆ ಕಾಣುವಷ್ಟು ಎತ್ತಬೇಡಿ. ಒಳಗೆ ಹಿಡಿತ ಕಮ್ಮಿಯಾಗಿ ಪೈಪ್ ಬಾಗುತ್ತದೆ, ಇಲ್ಲಾ ಮುರಿಯುತ್ತದೆ. ಸಾಲದಿದ್ದರೆ ಉದ್ದ ಪೈಪ್ ಸಿಗುತ್ತದೆ, ಹಳೇದನ್ನ ಬಿಚ್ಚಿಕೊಂಡು ಅಂಗಡಿಗೆ ಹೋಗಿ, ದಪ್ಪ ಸರಿಹೊಂದಬೇಕು. ಎತ್ತರ ಮಾಡಿದ ಮೇಲೆ ಸೀಟಲ್ಲಿ ಕೂತೇ ಎರಡೂ ಕಾಲು ಊರಲು ಆಗಲ್ಲ. ಭಯ ಬೇಡ. ನಿಲ್ಲಿಸುವಾಗ ಸೀಟಿಂದ ಮುಂದಕ್ಕೆ ಇಳಿಯಿರಿ.

ಇನ್ನು ಖರ್ಚು. ವರ್ಷಗಟ್ಟಲೆ ನಿಂತ ಸೈಕಲ್ಲಿನ ಟಯರು ಪಕ್ಕದಲ್ಲಿ ಬಿರುಕು ಬಿಟ್ಟಿರುತ್ತದೆ, ಅದನ್ನ ನಂಬಬೇಡಿ. ಎರಡು ಟಯರ್ 600, ಎರಡು ಟ್ಯೂಬ್ 220, ಬ್ರೇಕ್ ಶೂ 80, ಚೈನ್ 180, ಬಿಚ್ಚಿ ಗ್ರೀಸ್ ಹಾಕಿ ರಿಮ್ ಬೆಂಡ್ ತೆಗೆಯುವ ಕೂಲಿ 350. ಅಲ್ಲಿಗೆ 1,430. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು. ನಿಮ್ಮ ಊರೊಳಗಿನ ಓಡಾಟಕ್ಕೆ ಇಷ್ಟು ಸಾಕು.

ಎಂಸಿಸಿ ಬಿ ಬ್ಲಾಕ್:

ಎಲ್ಲರೂ ಹಳೇದನ್ನೇ ತುಳಿ ಅನ್ನುತ್ತಿದ್ದೀರಿ, ನಾನು ಒಪ್ಪಲ್ಲ. ಆ ಸೈಕಲ್ ತೂಕ ಜಾಸ್ತಿ. ಸವಾರಿ ಖುಷಿ ಕೊಡದಿದ್ದರೆ ಮಳೆಗಾಲದ ಹೊತ್ತಿಗೆ ಅದು ಮತ್ತೆ ಮೆಟ್ಟಿಲ ಕೆಳಗೇ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿಯೂ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ದುಡ್ಡು ಹಾಕಿದರೆ ತಾನೇ ಓಡಿಸಲೇಬೇಕು ಅನ್ನೋ ಹಟ ಬರೋದು?

ಕೆರೆ ಏರಿ:

ದುಡ್ಡು ಹಾಕಿದರೆ ಹಟ ಬರುತ್ತೆ ಅನ್ನೋದಾದರೆ ನಮ್ಮ ಬೀದಿಯ ಟ್ರೆಡ್‌ಮಿಲ್‌ಗಳ ಮೇಲೆ ಬಟ್ಟೆ ಒಣಗುತ್ತಿರಲಿಲ್ಲ, ಬ್ರದರ್.

ದುರ್ಗದ ಗಾಳಿ:

ಚಿತ್ರದುರ್ಗದಿಂದ. ಗೇರ್ ಬೇಕಾ ಬೇಡ್ವಾ ಅನ್ನೋದು ಊರಿನ ಮೇಲೆ ನಿಂತಿದೆ. ನಮ್ಮಲ್ಲಿ ಜೋಗಿಮಟ್ಟಿ ಏರು ಹತ್ತಬೇಕು ಅಂದರೆ ಗೇರ್ ಇಲ್ಲದೆ ಮಂಡಿಗೆ ಶಿಕ್ಷೆ. ದಾವಣಗೆರೆ ಹಾಗಲ್ಲ, ಊರೊಳಗೆ ಏರು ಅಂತ ಇರೋದೇ ರೈಲ್ವೆ ಮೇಲ್ಸೇತುವೆ. ಅದನ್ನ ಇಳಿದು ತಳ್ಳಿದರೆ ಯಾರೂ ನಗಲ್ಲ.

ಆದರೆ ನಿಮಗೆ ಗಾಳಿ ಇದೆ, ಅದನ್ನ ಹೊಸಬರು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಆಷಾಢದಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಒಂದೇ ಸಮ ಬೀಸುತ್ತದೆ. ದಾವಣಗೆರೆಯಿಂದ ಹರಿಹರದ ಕಡೆ ಹೊರಟರೆ ಅದು ನೇರ ಎದೆಗೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಎದುರು ಗಾಳಿಯಲ್ಲಿ ಸುಮ್ಮನೆ ಹೋದರೂ ಜೋರಾಗಿ ಹೋದ ಸುಸ್ತು. ಆವತ್ತು ಸ್ಪೀಡ್ ನೋಡಬೇಡಿ, ಉಸಿರು ನೋಡಿ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನು ಗಾಳಿ ಇರುವ ದಾರಿ ಆರಿಸಿ. ಉಲ್ಟಾ ಮಾಡಿದರೆ ಕಾಲಲ್ಲಿ ಕಸುವು ಮುಗಿದ ಮೇಲೆ ಗಾಳಿ ಸಿಗುತ್ತದೆ.

ಯಾರಾದರೂ ಹುಮ್ಮಸ್ಸಲ್ಲಿ ದಾವಣಗೆರೆಯಿಂದ ದುರ್ಗಕ್ಕೆ ಬರಬೇಕು ಅಂದುಕೊಂಡಿದ್ದರೆ, ಸುಮಾರು 60 ಕಿ.ಮೀ. ಮತ್ತು ನಮ್ಮೂರು ನಿಮ್ಮೂರಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಕಣ್ಣಿಗೆ ಸಮ ಕಾಣುವ ರಸ್ತೆ ಕಾಲಿಗೆ ಸಮ ಇರಲ್ಲ. ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಿರಿ.

ಫಿಸಿಯೋ ವಿದ್ಯಾನಗರ:

ದಿನಾ ಇದೇ ಕೆಲಸ ಮಾಡುವವಳಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಏದುಸಿರಿನ ಬಗ್ಗೆ ಮೊದಲು. ಹೊಸಬರು ಎಲ್ಲರೂ ಜೋರಾಗಿ ತುಳಿಯುತ್ತಾರೆ, ಸುಸ್ತಾದರೆ ಲಾಭ ಅಂತ. ಹಾಗಲ್ಲ. ಮೊದಲ ಒಂದೆರಡು ತಿಂಗಳು ಹೆಚ್ಚಿನ ಸವಾರಿ ಮಾತಾಡಿಕೊಂಡು ಹೋಗುವಷ್ಟು ನಿಧಾನ ಇರಬೇಕು. ಪೂರ್ತಿ ವಾಕ್ಯ ಆಡಲು ಆಗಬೇಕು, ಹಾಡು ಹೇಳಲು ಆಗಬಾರದು. ಆ ಹದ ಸಾಕು. ಇದಕ್ಕೆ ವಾಚು, ಆ್ಯಪು ಏನೂ ಬೇಡ. ಒಬ್ಬರೇ ಇದ್ದರೆ ಮನೆ ಸಾಮಾನಿನ ಪಟ್ಟಿ ಬಾಯಲ್ಲಿ ಹೇಳಿಕೊಂಡು ಹೋಗಿ. ಉಸಿರು ಕಟ್ಟಿದರೆ ನಿಧಾನ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮ ಇರಲಿ ಅನ್ನುತ್ತದೆ. ಆಫೀಸಿಗೆ ಹೋಗೋಕೆ ಇಪ್ಪತ್ತೈದು ನಿಮಿಷ, ಬರೋಕೆ ಇಪ್ಪತ್ತೈದು, ವಾರದಲ್ಲಿ ನಾಲ್ಕು ದಿನ ಅಂದರೆ 200 ನಿಮಿಷ ಅಲ್ಲೇ ಆಯಿತು. ಬೆಳಿಗ್ಗೆ ಬೇರೆ ಸವಾರಿ ಅಂತ ನಿದ್ದೆ ಕೆಡಿಸಿಕೊಳ್ಳುವ ಅವಶ್ಯಕತೆಯೇ ಇಲ್ಲ. ಶುರುವಲ್ಲಿ ಒಂದು ದಿನ ಬಿಟ್ಟು ಒಂದು ದಿನ ಮಾಡಿ. ಹೃದಯ, ಉಸಿರು ಬೇಗ ಒಗ್ಗಿಕೊಳ್ಳುತ್ತವೆ, ಮಂಡಿಯ ಸ್ನಾಯುರಜ್ಜುಗಳಿಗೆ ಹೆಚ್ಚು ಕಾಲ ಬೇಕು. ಅದಕ್ಕೇ "ಉಸಿರು ಚೆನ್ನಾಗಿದೆ, ಮಂಡಿ ನೋವು" ಅನ್ನುವವರು ಜಾಸ್ತಿ ಬರುತ್ತಾರೆ ನಮ್ಮಲ್ಲಿಗೆ.

ಗೇರ್ ಇರಲಿ ಬಿಡಲಿ, ಭಾರವಾಗಿ ನಿಧಾನ ತುಳಿಯುವುದಕ್ಕಿಂತ ಹಗುರವಾಗಿ ಬೇಗ ಬೇಗ ತುಳಿಯುವುದು ಮಂಡಿಗೆ ಒಳ್ಳೆಯದು. ನಿಮಿಷಕ್ಕೆ 70ರಿಂದ 90 ಸುತ್ತು ಅನ್ನುತ್ತಾರೆ. ಬಲಗಾಲು ಕೆಳಗೆ ಬಂದಾಗೆಲ್ಲ ಎಣಿಸಿ, ಹದಿನೈದು ಸೆಕೆಂಡಿಗೆ ಹದಿನೆಂಟು ಬಂದರೆ ಸರಿಯಿದೆ.

ಇನ್ನೊಂದು, ಇದನ್ನ ಸೈಕಲ್‌ನವರು ಹೇಳಲ್ಲ. ಸೈಕಲ್ ಮೇಲೆ ಮೈಭಾರ ಸೀಟು ಹೊರುತ್ತದೆ. ಹಾಗಾಗಿ ಮೂಳೆಗೆ ಅದರಿಂದ ಹೆಚ್ಚು ಲಾಭ ಇಲ್ಲ. ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯಿರಿ, ಗೋಡೆಗೆ ಕೈಕೊಟ್ಟು ದಂಡ ಹಾಕಿ. ನಮ್ಮೂರ ಗರಡಿ ಮನೆಗಳಲ್ಲಿ ಅಜ್ಜಂದಿರು ಮಾಡುತ್ತಿದ್ದದ್ದೇ. ಖರ್ಚು ಸೊನ್ನೆ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಇದನ್ನ ಓದುತ್ತಿದ್ದರೆ, ಡಾಕ್ಟರ್ ಹತ್ತಿರ ಮಾತಾಡಿಯೇ ಶುರು ಮಾಡಿ. ಕೆಲವು ಔಷಧಿ ಜೊತೆ ವ್ಯಾಯಾಮ ಸೇರಿದರೆ ಸಕ್ಕರೆ ಪೂರ್ತಿ ಕೆಳಗಿಳಿಯಬಹುದು. ಜೇಬಲ್ಲಿ ಬೆಲ್ಲದ ಚೂರು ಅಥವಾ ಗ್ಲೂಕೋಸ್ ಇರಲಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ಇಳಿಯಿರಿ.

ನಿಟ್ಟುವಳ್ಳಿ ಅಕ್ಕ:

ಮೇಡಂ ಚೆನ್ನಾಗಿ ಹೇಳಿದರು. ಆದರೆ ಇಲ್ಲಿ ಎಲ್ಲರೂ ಬೆಳಿಗ್ಗೆ ಐದೂವರೆಗೆ ಕೆರೆ ಸುತ್ತೋ ಗಂಡಸರೇ ಕಾಣ್ತಾರೆ. ಆ ಹೊತ್ತಿಗೆ ನಮಗೆ ಡಬ್ಬಿ ಕಟ್ಟೋ ಕೆಲಸ, ನಲ್ಲಿ ನೀರು ಬಂದರೆ ಅದೊಂದು. ನಾನು ಸೈಕಲ್ ಓಡಿಸೋದು ತರಕಾರಿಗೆ, ಮಗಳ ಟ್ಯೂಷನ್‌ಗೆ, ಬ್ಯಾಂಕಿಗೆ. ಐದು ನಿಮಿಷ, ಎಂಟು ನಿಮಿಷದ ಸವಾರಿಗಳು. ಇವು ಲೆಕ್ಕಕ್ಕೆ ಬರ್ತಾವಾ ಇಲ್ವಾ?

ಇನ್ನೊಂದು, ಹೆಣ್ಣುಮಕ್ಕಳು ಸೈಕಲ್ ತಗೊಳ್ಳೋವಾಗ ಪೂರ್ತಿ ಚೈನ್ ಕವರ್ ಇರೋದನ್ನೇ ತಗೊಳ್ಳಿ. ಚೂಡಿದಾರದ ಪ್ಯಾಂಟು ಒಂದು ಸಲ ಚೈನಿಗೆ ಸಿಕ್ಕರೆ ಪ್ಯಾಂಟೂ ಹೋಯ್ತು, ನೀವೂ ಬಿದ್ರಿ. ವೇಲ್ ಹಿಂದೆ ಗಂಟು ಹಾಕಿಕೊಳ್ಳಿ. ಮುಂದೆ ಬುಟ್ಟಿ ಇದ್ದರೆ ಅರ್ಧ ಸಂತೆ ಮನೆಗೆ ಬರುತ್ತೆ. ಗೇರು ಪಾರು ಏನೂ ಬೇಡ ನಂಗೆ.

ಫಿಸಿಯೋ ವಿದ್ಯಾನಗರ:

ಬರ್ತಾವೆ ಅಕ್ಕಾ, ಎಲ್ಲವೂ ಬರ್ತಾವೆ. ಒಂದೇ ಸಲಕ್ಕೆ ಹತ್ತು ನಿಮಿಷಕ್ಕಿಂತ ಕಮ್ಮಿ ಮಾಡಿದರೆ ಲೆಕ್ಕಕ್ಕಿಲ್ಲ ಅನ್ನೋದು ಹಳೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ತೆಗೆದುಹಾಕಿದ್ದಾರೆ. ಬುಟ್ಟಿ ತುಂಬ ತರಕಾರಿ ಹೇರಿಕೊಂಡು ತುಳಿದದ್ದು ಇನ್ನೂ ಒಳ್ಳೇ ಶ್ರಮ.

ಶಾಮನೂರು ಸವಾರ:

ಸೀಟು ಎತ್ತಿದೆ. ಪಾನಾ ಪಂಪು ಅಣ್ಣಾ, ನಿಜಕ್ಕೂ ಬೇರೆ ಸೈಕಲ್ ಥರ ಆಯ್ತು! ಮಂಡಿ ನೋವು ಪೂರ್ತಿ ಹೋಗಿಲ್ಲ, ಆದರೆ ಇಳಿದಿದೆ. ಗೀರು ಒಳಗೇ ಇವೆ.

ಈಗ ದುಡ್ಡಿನ ಲೆಕ್ಕ ನೀವೇ ನೋಡಿ. ಆಫೀಸಿಗೆ ದಿನಕ್ಕೆ 10 ಕಿ.ಮೀ., ತಿಂಗಳಿಗೆ 24 ದಿನ, ಅಂದರೆ 240 ಕಿ.ಮೀ. ನನ್ನ ಸ್ಕೂಟರ್ ಲೀಟರಿಗೆ 45 ಕೊಡುತ್ತದೆ. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ ಸುಮಾರು 550. ಹಳೇ ಸೈಕಲ್ ರಿಪೇರಿಯ 1,430 ಮೂರು ತಿಂಗಳೊಳಗೆ ವಾಪಸ್. 18 ಸಾವಿರದ ಸೈಕಲ್ ಕೊಂಡರೆ ಹತ್ತಿರ ಹತ್ತಿರ 33 ತಿಂಗಳು ಬೇಕು, ಅದೂ ರಿಪೇರಿ ಬಿಟ್ಟು. ಸರಿ ಇದೆಯಾ?

ಎಂಸಿಸಿ ಬಿ ಬ್ಲಾಕ್:

ಗಣಿತ ಸರಿ ಇದೆ, ಬದುಕು ಹಾಗಿರಲ್ಲ. 24 ದಿನವೂ ಹೋಗುತ್ತೀರಾ? ಮಳೆ ಬಂದ ದಿನ, ಮದುವೆಗೆ ಹೋಗೋ ದಿನ, ಗ್ಯಾಸ್ ಸಿಲಿಂಡರ್ ತರೋ ದಿನ ಸ್ಕೂಟರೇ ಬೇಕು. ಸ್ಕೂಟರಿನ ಇನ್ಶೂರೆನ್ಸ್ ಓಡಿಸಿದರೂ ಕಟ್ಟಬೇಕು, ಓಡಿಸದಿದ್ದರೂ ಕಟ್ಟಬೇಕು. ಹಾಗಾಗಿ ಉಳಿತಾಯಕ್ಕೆ ಸೈಕಲ್ ಅನ್ನೋದನ್ನೇ ಬಿಡಿ. ಆರೋಗ್ಯದ ಖರ್ಚು ಅಂತ ಬರೆದುಕೊಳ್ಳಿ, ಆಗ 18 ಸಾವಿರ ದೊಡ್ಡದಲ್ಲ.

ಕೆರೆ ಏರಿ:

ನಿಜವಾದ ಲೆಕ್ಕ ನಾನು ಹೇಳ್ತೀನಿ. ಸವಾರಿ ಮುಗಿಸಿ ಬೆಣ್ಣೆ ದೋಸೆ ತಿಂದರೆ ಉಳಿದ ಪೆಟ್ರೋಲ್ ದುಡ್ಡು ಅಲ್ಲೇ ಹೋಯ್ತು. ಕ್ಯಾಲೊರಿನೂ ಅಲ್ಲೇ ಹೋಯ್ತು.

ಫಿಸಿಯೋ ವಿದ್ಯಾನಗರ:

ಇದು ತಮಾಷೆ ಅಲ್ಲ, ನಿಜ. 70 ಕೆ.ಜಿ. ತೂಕದವರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ತುಳಿದರೆ 200 ಕ್ಯಾಲೊರಿ ಆಸುಪಾಸು ಖರ್ಚಾಗುತ್ತದೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 100 ಇದೆ. ನಮ್ಮೂರ ದೋಸೆಗೆ ಎಷ್ಟು ಬೆಣ್ಣೆ ಬೀಳುತ್ತದೆ ಅಂತ ನಿಮಗೇ ಗೊತ್ತು, ಮೇಲೆ ಇಡುವ ಉಂಡೆ ಬೇರೆ. ತೂಕ ಇಳಿಯಲಿಲ್ಲ ಅಂತ ಮೂರನೇ ತಿಂಗಳಿಗೆ ಸೈಕಲ್ ಬಿಡುವವರು ತುಂಬಾ ಜನ. ತೂಕ ಹೆಚ್ಚಾಗಿ ತಟ್ಟೆಯಲ್ಲಿ ತೀರ್ಮಾನ ಆಗುತ್ತದೆ. ಸೈಕಲ್ಲಿಂದ ಸಕ್ಕರೆ ಹತೋಟಿ, ಬಿಪಿ, ನಿದ್ದೆ, ಉಸಿರು ಸುಧಾರಿಸುತ್ತವೆ. ತೂಕದ ಯಂತ್ರ ಸುಮ್ನೆ ಇದ್ದರೂ ಇವು ಒಳಗೆ ನಡೆಯುತ್ತಿರುತ್ತವೆ.

ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಬಣ್ಣದ ಎನರ್ಜಿ ಡ್ರಿಂಕ್ ಬೇಡವೇ ಬೇಡ. ಬೇಸಿಗೆಯಲ್ಲಿ ಉದ್ದ ಹೋದರೆ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಒಂದು ಹಿಡಿ ಶೇಂಗಾ.

ಪಾನಾ ಪಂಪು:

ದುಡ್ಡು ಸೋರೋದು ಎಲ್ಲಿ ಅಂತ ಹೇಳಲಾ? ಪಂಚರ್ ಮತ್ತು ಚೈನ್.

ನಮ್ಮ ಕಡೆ ಪಂಚರಿಗೆ ಮೊಳೆಗಿಂತ ಮುಳ್ಳು ಜಾಸ್ತಿ. ರಸ್ತೆ ಪಕ್ಕ ಬಳ್ಳಾರಿ ಜಾಲಿ, ಮಣ್ಣಿನ ಅಂಚಲ್ಲಿ ನೆಗ್ಗಿಲು. ಜಾಲಿ ಸವರಿದ ಮೇಲೆ ಒಂದೆರಡು ವಾರ ಆ ಅಂಚಿಗೆ ಇಳಿಯಲೇಬೇಡಿ. ಪಂಚರ್ ಹಾಕೋದು ಮನೆಯಲ್ಲೇ ಕಲಿಯಿರಿ. ಪ್ಯಾಚು, ಸಲ್ಯೂಷನ್, ಉಜ್ಜೋ ಕಾಗದ, ಟಯರ್ ಎಬ್ಬಿಸೋ ಪಟ್ಟಿ, ಕೈ ಪಂಪು. ಎಲ್ಲಾ ಸೇರಿ ಕೆಲವು ನೂರು ರೂಪಾಯಿ.

ಟ್ಯೂಬಿಗೆ ಪ್ಯಾಚ್ ಹಾಕಿ ಹಾಗೇ ಟಯರ್ ಒಳಗೆ ಸೇರಿಸಿದರೆ ಮತ್ತೆ ಅದೇ ಜಾಗದಲ್ಲಿ ಠುಸ್. ಮುಳ್ಳಿನ ತುದಿ ಮುರಿದು ಟಯರ್ ಒಳಗೇ ಇರುತ್ತದೆ, ಹೊರಗಿಂದ ಕಾಣಲ್ಲ. ಹಳೇ ಬನಿಯನ್ ಚೂರು ತಗೊಂಡು ಟಯರ್ ಒಳಮೈ ಸುತ್ತ ಎಳೆಯಿರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿದೆ ಮುಳ್ಳು. ಬರೀ ಬೆರಳಲ್ಲಿ ಹುಡುಕಿದರೆ ಬೆರಳಿಗೆ ಚುಚ್ಚುತ್ತೆ. ಸಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಒತ್ತಬೇಡಿ, ಹೊಳಪು ಹೋಗಿ ಮಂಕಾಗೋವರೆಗೆ ಬಿಡಿ. ಅವಸರ ಮಾಡಿದ ಪ್ಯಾಚೇ ಬಿಸಿಲಿಗೆ ಏಳೋದು.

ಗಾಳಿ ವಾರಕ್ಕೊಮ್ಮೆ ನೋಡಿ. ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಟಯರ್ ಪಕ್ಕದಲ್ಲೇ ಬರೆದಿರುತ್ತೆ. ಗಾಳಿ ಕಮ್ಮಿ ಇದ್ದರೆ ತುಳಿಯೋಕೆ ಭಾರ, ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಎರಡು ತೂತು ಬೀಳುತ್ತೆ.

ಚೈನಿಗೆ ಬೈಕಿನ ವೇಸ್ಟ್ ಆಯಿಲ್ ಸುರಿಯೋರು ಇದ್ದಾರೆ. ಅದು ಮಂಡಿಪೇಟೆ ಧೂಳೆಲ್ಲ ಎಳೆದುಕೊಂಡು ಚೈನು, ಹಲ್ಲು ಎರಡನ್ನೂ ಅರೆಯುತ್ತದೆ. ಬಟ್ಟೆಯಲ್ಲಿ ಒರೆಸಿ, ಪ್ರತಿ ಕೊಂಡಿಗೆ ಒಂದು ತೊಟ್ಟು ತೆಳು ಎಣ್ಣೆ ಬಿಟ್ಟು, ನಾಲ್ಕು ಸುತ್ತು ತಿರುಗಿಸಿ, ಮೇಲಿನದನ್ನ ಮತ್ತೆ ಒರೆಸಿಬಿಡಿ. ಎಣ್ಣೆ ಬೇಕಾಗಿರೋದು ಒಳಗೆ, ಹೊರಗಲ್ಲ.

ಚೈನ್ ಸವೆದಿದೆಯಾ ಅಂತ ನೋಡೋಕೆ ಮಕ್ಕಳ ಸ್ಕೇಲ್ ಸಾಕು. ಸೈಕಲ್ ಚೈನಿನ ಒಂದು ಪಿನ್ನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಲ್ಲಿ 24 ಅಂತರಕ್ಕೆ ಸರಿಯಾಗಿ 12 ಇಂಚು. ಅದು ಎಂಟನೇ ಒಂದು ಇಂಚು, ಅಂದರೆ 3 ಮಿಲಿಮೀಟರ್ ಜಾಸ್ತಿ ತೋರಿಸಿದರೆ ಚೈನ್ ಬದಲಿಸಿ. ಬಿಟ್ಟರೆ ಫ್ರೀವೀಲನ್ನೂ, ಅಂದರೆ ಹಿಂದಿನ ಚಕ್ರದ ಹಲ್ಲಿನ ಗಾಲಿಯನ್ನೂ ತಿಂದು ಹಾಕುತ್ತೆ. ಎಂಸಿಸಿ ಸಾರ್, ಗೇರ್ ಸೈಕಲ್ಲಲ್ಲಿ ಆ ಚೈನು, ಹಿಂದಿನ ಚಕ್ರದ ಹಲ್ಲುಗಳ ರೇಟು ಇದಕ್ಕಿಂತ ಎಷ್ಟೋ ಪಟ್ಟು. ಅದನ್ನೂ ಲೆಕ್ಕಕ್ಕೆ ಹಾಕಿ.

ಎಂಸಿಸಿ ಬಿ ಬ್ಲಾಕ್:

ಇದು ಒಪ್ಪಿದೆ. ಅಂಗಡಿಯವರು ಈ ಲೆಕ್ಕ ಹೇಳಲ್ಲ.

ಕೊಂಡಜ್ಜಿ ದಾರಿ:

ಕೂರುವ ಜಾಗದ ನೋವಿಗೆ ಯಾರೂ ಉತ್ತರ ಕೊಡಲಿಲ್ಲ. ದಪ್ಪ ಸ್ಪಂಜಿನ ಸೀಟ್ ಕವರ್ ಕೊಳ್ಳಬೇಡಿ, ಮೆತ್ತಗಿದ್ದಷ್ಟೂ ಜಾಸ್ತಿ ಒತ್ತುತ್ತೆ. ಸೀಟು ಮಟ್ಟವಾಗಿ ಇರಲಿ, ಮೂತಿ ಮೇಲೆ ಎತ್ತಿರಬಾರದು. ದಪ್ಪ ಹೊಲಿಗೆಯ ಜೀನ್ಸ್ ಬೇಡ. ಎರಡು ಮೂರು ವಾರದಲ್ಲಿ ಮೈ ಒಗ್ಗಿಕೊಳ್ಳುತ್ತೆ. ಒಗ್ಗದಿದ್ದರೆ ಪ್ಯಾಡ್ ಇರೋ ಚಡ್ಡಿ ತಗೊಳ್ಳಿ. ನನ್ನ ಪ್ರಕಾರ ದುಡ್ಡು ಹಾಕೋ ವರಸೆ ಇಷ್ಟೇ: ಮೊದಲು ಬ್ರೇಕು, ಟಯರು. ಆಮೇಲೆ ಹೆಲ್ಮೆಟ್, ಹಿಂದೆ ಕೆಂಪು ಲೈಟು. ಆಮೇಲೆ ಚಡ್ಡಿ. ಹೊಸ ಸೈಕಲ್ ಕೊನೆಗೆ.

ಲೈಟಿನ ಬಗ್ಗೆ ಒತ್ತಿ ಹೇಳುತ್ತೇನೆ. ಮೆಕ್ಕೆಜೋಳದ ಕಾಲದಲ್ಲಿ ಸರ್ವಿಸ್ ರಸ್ತೆ, ಹಳ್ಳಿ ರಸ್ತೆಯಲ್ಲೆಲ್ಲ ಜೋಳ ಒಣಗಿಸಿರುತ್ತಾರೆ. ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಕತ್ತಲಲ್ಲಿ ಕಾಣಲ್ಲ. ಕಾಳಿನ ಮೇಲೆ ಚಕ್ರ ಹೋದರೆ ಗೋಲಿ ಮೇಲೆ ಹೋದ ಹಾಗೆ. ಅಲ್ಲಿ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ನೆಟ್ಟಗೆ ದಾಟಬೇಕು. ಇಳಿದು ತಳ್ಳಿದರೆ ಇನ್ನೂ ಒಳ್ಳೆಯದು. ರೈತರಿಗೆ ಬೈದು ಪ್ರಯೋಜನ ಇಲ್ಲ, ಕಣ ಎಲ್ಲಿ ಉಳಿದಿದೆ ಹೇಳಿ.

ನಿಟ್ಟುವಳ್ಳಿ ಅಕ್ಕ:

ನಾಯಿ ಅಟ್ಟಿಸಿಕೊಂಡು ಬಂದರೆ? ಜೋರಾಗಿ ತುಳಿದರೆ ಅದೂ ಜೋರಾಗಿ ಬರುತ್ತೆ.

ಕೊಂಡಜ್ಜಿ ದಾರಿ:

ನಿಲ್ಲಿಸಿ ಇಳಿಯಿರಿ ಅಕ್ಕಾ. ಸೈಕಲ್ ನಿಮಗೂ ನಾಯಿಗೂ ಮಧ್ಯೆ ಇರಲಿ. ಗದರಿಸಿ ನಿಧಾನ ನಡೆಯಿರಿ. ಓಡೋದು ನಿಂತರೆ ಹೆಚ್ಚಿನ ನಾಯಿಗಳು ವಾಪಸ್ ಹೋಗುತ್ತವೆ. ಕಚ್ಚಿದರೆ ಮಾತ್ರ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ರೇಬಿಸ್ ಇಂಜೆಕ್ಷನ್‌ಗೆ ಹೋಗಬೇಕು.

ಶಾಮನೂರು ಸವಾರ:

ಎಲ್ಲರಿಗೂ ಥ್ಯಾಂಕ್ಸ್. ರಿಪೇರಿ ಆಯಿತು, ಟಯರು ಹೊಸದು. ಚೈನ್ ಅಳೆದರೆ ಇನ್ನೂ ಚೆನ್ನಾಗಿತ್ತು, ಆ 180 ಉಳಿಯಿತು. ಅದಕ್ಕೆ ಇನ್ನಷ್ಟು ಸೇರಿಸಿ ಹಿಂದಿನ ಲೈಟ್ ತಂದೆ. ಆಫೀಸಿಗೆ ಒಂದು ಶರ್ಟು, ಟವೆಲ್ ಚೀಲದಲ್ಲಿ ಒಯ್ಯುತ್ತಿದ್ದೇನೆ. ಹೊಸ ಸೈಕಲ್ ಬಗ್ಗೆ ಮುಂದಿನ ರಕ್ತ ಪರೀಕ್ಷೆ ಆದ ಮೇಲೆ ಯೋಚನೆ ಮಾಡಣ ಅಂತ ಮನೆಯಲ್ಲಿ ಒಪ್ಪಂದ ಆಗಿದೆ.

ಈಗ ಒಂದು ಆಸೆ. ಈ ಸೈಕಲ್ಲಲ್ಲೇ ಹರಿಹರಕ್ಕೆ ಹೋಗಿ ಬರಬಹುದಾ?

ದುರ್ಗದ ಗಾಳಿ:

ಯಾಕಾಗಬಾರದು? ನಮ್ಮ ಅಪ್ಪಂದಿರು ಹಿಂದೆ ಮೂಟೆ ಕಟ್ಟಿಕೊಂಡು ಹೋಗಿ ಬರುತ್ತಿದ್ದರು. ಬೇಸಿಗೆ ಆದರೆ ಎಂಟರೊಳಗೆ ಮನೆ ಸೇರಿ ಅಷ್ಟೇ.

ಕೊಂಡಜ್ಜಿ ದಾರಿ:

ಬೈಪಾಸ್ ಬೇಡ, ಬಾತಿ ಮೇಲೆ ಹಳೇ ಪಿ.ಬಿ. ರಸ್ತೆ ಹಿಡಿಯಿರಿ. ಒಂದು ಕಡೆಗೆ ಸುಮಾರು 14 ಕಿ.ಮೀ. ಬಾತಿ ಹತ್ತಿರ ಒಂದು ಸಲ ನಿಂತು ನೀರು ಕುಡಿಯಿರಿ. ಹರಿಹರೇಶ್ವರ ಗುಡಿ ಹತ್ತಿರ ಅರ್ಧ ಗಂಟೆ ಕೂತು ವಾಪಸ್. ಕಾಲು ಸೋತರೆ ಬಾತಿಯಿಂದಲೇ ತಿರುಗಿ, ಯಾರೂ ಹಾಜರಿ ತಗೊಳ್ಳಲ್ಲ. ಈ ಭಾನುವಾರ ನಾವು ಮೂವರು ಹೋಗುತ್ತಿದ್ದೇವೆ, ಬೆಳಿಗ್ಗೆ ಆರಕ್ಕೆ. ಬನ್ನಿ.

ಶಾಮನೂರು ಸವಾರ:

ಬರ್ತೀನಿ. ನಿಧಾನ ಆದರೆ ಬೇಜಾರು ಮಾಡ್ಕೋಬೇಡಿ.

ಪಾನಾ ಪಂಪು:

ಮೂವರಲ್ಲಿ ಒಬ್ಬ ನಾನೇ ಸಾರ್. ನಿಮ್ಮ ಟ್ಯೂಬಿನ ವಾಲ್ ಯಾವುದು ಅಂತ ನೋಡಿ ಹೇಳಿ, ಹಳೇ ಸೈಕಲ್ಲಿನ ರಬ್ಬರ್ ವಾಲಾ ಅಥವಾ ಬೈಕಿನಲ್ಲಿ ಇರೋ ಥರದ್ದಾ? ಅದಕ್ಕೆ ಸರಿಹೋಗೋ ಪಂಪ್ ತರ್ತೀನಿ. ಒಂದು ಹೊಸ ಟ್ಯೂಬು ನೀವು ಇಟ್ಕೊಳ್ಳಿ.